ಹಿಡಿಗೆ ಸುತ್ತಿದ ಹುರಿ

ಕ್ರಿಕೆಟ್ ಬ್ಯಾಟಿನ ಹಿಡಿಯ ರಬ್ಬರ್ ಗ್ರಿಪ್ ಸುಲಿದು ನೋಡಿದರೆ ಒಳಗೆ ಒತ್ತೊತ್ತಾಗಿ ಸುತ್ತಿದ ತೆಳು ಹುರಿ ಕಾಣುತ್ತದೆ. ಆಡುವವನ ಕೈಗೆ ತಾಗದ, ನೋಡುವವನ ಕಣ್ಣಿಗೆ ಬೀಳದ ಈ ಹುರಿ ಅಲ್ಲಿಗೆ ಬಂದದ್ದೇಕೆ?

ಮೊದಮೊದಲು ಅದು ಬೇಕಾಗಿರಲಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬ್ಯಾಟೆಂದರೆ ಒಂದೇ ಮರದ ತುಂಡು. ಲಂಡನ್ನಿನ ಓವಲ್ ಮೈದಾನದಲ್ಲಿ ಕಾಪಾಡಿಟ್ಟಿರುವ 1729ರ ಬ್ಯಾಟನ್ನು ಕಂಡರೆ ಹಾಕಿ ಕೋಲಿನ ಅಣ್ಣನೆನಿಸೀತು. ನೆಲದ ಮೇಲೆ ಉರುಳಿ ಬರುವ ಚೆಂಡಿಗೆ ಅಷ್ಟು ಸಾಕಿತ್ತು. 1835ರಲ್ಲಿ ಭುಜದೆತ್ತರದ ಎಸೆತಕ್ಕೆ, 1864ರಲ್ಲಿ ಕೈಯನ್ನು ತಲೆಯ ಮೇಲೆತ್ತಿ ಎಸೆಯುವುದಕ್ಕೆ ಒಪ್ಪಿಗೆ ಸಿಕ್ಕಿತು. ವೇಗ ಹೆಚ್ಚಿತು. ಅಖಂಡ ಮರಕ್ಕೆ ಬಿದ್ದ ಪೆಟ್ಟು ನೇರವಾಗಿ ಕೈಗೇ ಇಳಿಯುತ್ತಿತ್ತು.

ಅದಕ್ಕೇ ಬೇರೆ ಹಿಡಿ ಮಾಡಿ ಬೆಸೆಯುವ ಯತ್ನಗಳು ನಡೆದವು. ಬೆತ್ತದ ಹಿಡಿಯನ್ನು ಬೆಣೆಯಂತೆ ಕೊರೆದು ವಿಲ್ಲೋ ಹಲಗೆಯೊಳಗೆ ಕೂರಿಸುವ ಇಂದಿನ ಕ್ರಮ 1880ರ ದಶಕದ್ದು; ಸೆವರ್ನ್ ನದಿಯಡಿಯ ರೈಲು ಸುರಂಗದ ಎಂಜಿನಿಯರ್ ಚಾರ್ಲ್ಸ್ ರಿಚರ್ಡ್‌ಸನ್ನನಿಗೆ ಅದರ ಶ್ರೇಯಸ್ಸು ಸಲ್ಲುತ್ತದೆ. ಸುರಂಗ ಕೊರೆದವನಿಗೆ ಬ್ಯಾಟು ಕೊರೆಯುವುದೇನು ಮಹಾ!

ಬೆತ್ತ ಸುಲಭಕ್ಕೆ ಮುರಿಯದು, ಬಾಗುತ್ತದೆ. ಚಪ್ಪಟೆಯಾಗಿ ಹೆರೆದ ಬೆತ್ತಗಳ ನಡುವೆ ರಬ್ಬರ್ ಪಟ್ಟಿಯಿಟ್ಟು ಅಂಟಿಸಿ, ಲೇತಿನಲ್ಲಿ ಉರುಟು ಮಾಡುತ್ತಾರೆ. ತೊಡಕಿರುವುದೂ ಇಲ್ಲೇ. ಪ್ರತಿ ಹೊಡೆತಕ್ಕೂ ಹಿಡಿ ತುಸು ಬಾಗಿ, ಪದರಗಳು ಒಂದರ ಮೇಲೊಂದು ಜಾರಲು ನೋಡುತ್ತವೆ. ಬರೀ ಅಂಟು ಎಷ್ಟು ದಿನ ತಡೆದೀತು? ಹಿಡಿಯನ್ನು ತಿರುಗಿಸುತ್ತ, ಅಂಟು ಸವರಿ, ಎಳೆಗೆ ಎಳೆ ತಾಗುವಂತೆ ಹುರಿಯನ್ನು ಬಿಗಿದು ಸುತ್ತುವುದು ಅದಕ್ಕಾಗಿ. ಗಾಡಿ ಚಕ್ರದ ಮರದ ತುಂಡುಗಳನ್ನು ಕಬ್ಬಿಣದ ಪಟ್ಟಿ ಹಿಡಿದಿಡುವಂತೆ ಹುರಿ ಬೆತ್ತಗಳನ್ನು ಹಿಡಿದಿಡುತ್ತದೆ. ಬಾಗಲು ಬಿಡುತ್ತದೆ, ಬಿಚ್ಚಿಕೊಳ್ಳಲು ಬಿಡುವುದಿಲ್ಲ. ಸುತ್ತು ಸಡಿಲವಾಯಿತೋ, ಬೆತ್ತಗಳ ಅಂಚು ಬಾಯಿಬಿಡುತ್ತದೆ. ಆಮೇಲೆ ಎಂಥ ಒಳ್ಳೆಯ ವಿಲ್ಲೋ ಇದ್ದರೂ ವ್ಯರ್ಥ. ಬ್ಯಾಟು ಕೊಳ್ಳುವವರು ಹಲಗೆಯ ಗೆರೆಗಳನ್ನು ಎಣಿಸುತ್ತಾರೆಯೇ ಹೊರತು ಹಿಡಿಯ ಸುತ್ತನ್ನು ವಿಚಾರಿಸುವವರು ಕಡಿಮೆ.

1947ರ ದೇಶ ವಿಭಜನೆಯ ಬಳಿಕ ಸಿಯಾಲ್‌ಕೋಟ್‌ನಿಂದ ಬಂದ ಕಸುಬುದಾರರು ಜಲಂಧರ್, ಮೀರತ್‌ಗಳಲ್ಲಿ ನೆಲೆಯೂರಿದರು. ಭಾರತದ ಬ್ಯಾಟು ತಯಾರಿಕೆಯ ದೊಡ್ಡ ಕೇಂದ್ರಗಳು ಇವೇ.

ಆಟದ ನಿಯಮಗಳೂ ಹುರಿಯನ್ನು ಮರೆತಿಲ್ಲ. ಕಾರ್ಬನ್‌ನಂಥ ವಸ್ತುಗಳು ಹಿಡಿಯೊಳಗೆ ನುಸುಳತೊಡಗಿದಾಗ ಎಂ.ಸಿ.ಸಿ. 2008ರಲ್ಲಿ ನಿಯಮ ಬಿಗಿಗೊಳಿಸಿತು. ಅದರಂತೆ ಹಿಡಿಯ ಮೇಲ್ಭಾಗದಲ್ಲಿ ಬೆತ್ತ, ಮರ ಮತ್ತು ಹುರಿ ಬಿಟ್ಟು ಉಳಿದ ವಸ್ತುಗಳೆಲ್ಲ ಸೇರಿ ಗಾತ್ರದ ಹತ್ತರಲ್ಲೊಂದು ಪಾಲು ಮೀರುವಂತಿಲ್ಲ.