ಹೇಮಗಿರಿಯ ಅಣೆ ಮತ್ತು ಎತ್ತರದ ಊರುಗಳ ಕೆರೆ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಬಂಡಿಹೊಳೆ ಬಳಿ, ದನಗಳ ಜಾತ್ರೆಗೆ ಹೆಸರಾದ ಹೇಮಗಿರಿ ಬೆಟ್ಟವಿದೆ. ಅದರ ಪಕ್ಕದಲ್ಲೇ ಹೇಮಾವತಿ ನದಿಗೆ ಅಡ್ಡಲಾಗಿ ಹಳೆಯ ಅಣೆಯೊಂದಿದೆ. ಅಣೆಕಟ್ಟು ಎಂದೊಡನೆ ಕನ್ನಂಬಾಡಿಯಂಥ ಎತ್ತರದ ಗೋಡೆ, ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ನೀರು ನೆನಪಾಗುತ್ತದೆ. ಹೇಮಗಿರಿಯಲ್ಲಿ ಅದೇನೂ ಕಾಣದು. ಈ ತಗ್ಗು ಕಟ್ಟೆ ನೀರನ್ನು ಕೂಡಿಡುವುದಿಲ್ಲ. ಹೊಳೆಯ ಮಟ್ಟವನ್ನು ತುಸು ಏರಿಸಿ ಒಂದು ಪಾಲನ್ನು ನಾಲೆಗೆ ತಿರುಗಿಸುತ್ತದೆ, ಅಷ್ಟೆ. ಉಳಿದದ್ದು ಕಟ್ಟೆಯ ಮೇಲೆಯೇ ಹರಿದುಹೋಗುತ್ತದೆ. ಇದೇ ನದಿಯ ಮಂದಗೆರೆ ಅಣೆಯೂ ಇದೇ ಬಗೆಯದು.

ಹಳೆಯ ಮೈಸೂರಿನ ಹಲವು ಅಣೆಗಳನ್ನು ನದಿಗೆ ನೇರ ಅಡ್ಡವಾಗಿ ಕಟ್ಟದೆ ಓರೆಯಾಗಿ ಕಟ್ಟಿದ್ದರು. ಕಾರಣ ಸರಳ. ಕಟ್ಟೆಯ ಮೇಲೆ ಉಕ್ಕಿ ಹರಿಯುವ ನೀರಿನ ಪ್ರಮಾಣವು ಕಟ್ಟೆಯ ಉದ್ದಕ್ಕೂ, ಅದರ ಮೇಲಿನ ನೀರಿನ ಎತ್ತರದ ಒಂದೂವರೆ ಘಾತಕ್ಕೂ ಅನುಪಾತದಲ್ಲಿರುತ್ತದೆ. ಉದ್ದವನ್ನು ಎರಡರಷ್ಟು ಮಾಡಿದರೆ ಅದೇ ಪ್ರವಾಹ ಹಿಂದಿನ ಎತ್ತರದ ಶೇಕಡಾ 63ರಷ್ಟರಲ್ಲೇ ದಾಟಿಹೋಗುತ್ತದೆ. ಕಲ್ಲುಗಳ ಮೇಲಿನ ಹೊಡೆತ ಕಡಿಮೆಯಾಗುತ್ತದೆ. ಸೂತ್ರ ಬರೆಯದೆಯೇ ಇದನ್ನು ಕಂಡುಕೊಂಡವರ ಹೆಸರುಗಳು ಬಹುಪಾಲು ನಮಗೆ ಉಳಿದಿಲ್ಲ. ಉಳಿದಿರುವುದು ದೊರೆಗಳ ಹೆಸರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ಕಾವೇರಿ ನಾಲೆ ಶ್ರೀರಂಗಪಟ್ಟಣದ ಸೀಮೆಯಲ್ಲಿ ಇಂದಿಗೂ ಹರಿಯುತ್ತಿದೆ.

ಆದರೆ ನಾಲೆ ಇಳಿಜಾರಿನಲ್ಲಷ್ಟೇ ಹರಿಯಬಲ್ಲದು. ಅದಕ್ಕಿಂತ ಎತ್ತರದಲ್ಲಿರುವ ಊರುಗಳಿಗೆ, ನಾಗಮಂಗಲದ ಬಹುಭಾಗಕ್ಕೆ, ಹಳೆಯ ಅಣೆಗಳಿಂದ ಪ್ರಯೋಜನವಿರಲಿಲ್ಲ. ಅಲ್ಲಿ ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯಬೇಕಿತ್ತು. ಒಂದು ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ ಹೋಗುವ ಕೆರೆಸರಪಳಿ ಬೆಳೆದದ್ದು ಹೀಗೆ. ಮೈಸೂರಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಎಂಜಿನಿಯರ್ ಸ್ಯಾಂಕಿ 1866ರಲ್ಲೇ ಹೇಳಿದ್ದರು. ತೂಬೆತ್ತಿ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡಲು ನೀರುಗಂಟಿ ಇದ್ದ. ಇಂದು ಒತ್ತುವರಿಯಾದ ಒಂದು ಹಳ್ಳ ಸಾಕು, ಸರಪಳಿಯ ಕೆಳಗಿನ ಕೆರೆಗಳೆಲ್ಲ ಒಣಗಲು.

ಹಳೆಯ ಕಟ್ಟೆಗಳಿಗೆ ಇನ್ನೊಂದು ಬೆಲೆ ಬಂದದ್ದು 1892ರಲ್ಲಿ. ಆ ವರ್ಷದ ಮದ್ರಾಸ್-ಮೈಸೂರು ಒಪ್ಪಂದದ ನದಿಪಟ್ಟಿಯಲ್ಲಿ ಹೇಮಾವತಿಯೂ ಸೇರಿತ್ತು. ಮದ್ರಾಸಿನ ಒಪ್ಪಿಗೆಯಿಲ್ಲದೆ ಈ ನದಿಗಳ ಮೇಲೆ ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. ಮೊದಲು ಇಲ್ಲದಿದ್ದುದು ಮಾತ್ರವಲ್ಲ, ಇದ್ದೂ 30 ವರ್ಷಕ್ಕಿಂತ ಹೆಚ್ಚು ಕಾಲ ಪಾಳುಬಿದ್ದುದೂ 'ಹೊಸದು' ಎಂದೇ ಲೆಕ್ಕ. ಅಂದರೆ ದುರಸ್ತಿ ಬಿಟ್ಟ ಕಟ್ಟೆಯೊಂದಿಗೆ ಹಕ್ಕೂ ಹೋಗುತ್ತಿತ್ತು!

ಹೇಮಾವತಿಯ ಹುಟ್ಟು ಮೂಡಿಗೆರೆ ತಾಲ್ಲೂಕಿನಲ್ಲಿ. ಮಲೆನಾಡಿನ ಮಳೆ ನಿಂತರೆ ಹೇಮಗಿರಿಯ ನಾಲೆಯೂ ಸೊರಗುತ್ತಿತ್ತು. 1979ರಲ್ಲಿ ಗೊರೂರಿನ ಜಲಾಶಯ ಮುಗಿದ ಮೇಲೆ ಅಣೆಯ ಜಾಗ ಬದಲಾಗಲಿಲ್ಲ, ಅದರ ನೀರಿನ ಲೆಕ್ಕ ಬದಲಾಯಿತು. ಈಗ ನಾಲೆಯ ಕೊನೆಯ ರೈತ ಮೋಡದ ಜೊತೆಗೆ ಗೊರೂರಿನ ಗೇಟನ್ನೂ ನೋಡಬೇಕು. ಅತ್ತ, ಹೇಮಾವತಿಯ ನಾಗಮಂಗಲ ಶಾಖಾ ನಾಲೆ ಹಿಂದೆ ನದಿನೀರು ಕಾಣದಿದ್ದ ಎತ್ತರದ ಸೀಮೆಗೂ ನೀರೊಯ್ಯುತ್ತಿದೆ.

ಶಿಕ್ಷಕರು ವಿದ್ಯಾರ್ಥಿಗಳಿಂದ ಒಂದು ಲೆಕ್ಕ ಮಾಡಿಸಬಹುದು. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಯಲ್ಲಿ ನಿಮ್ಮ ಊರಿನ ಕೆರೆಯ ಜಲಾನಯನವನ್ನು, ಸಮೋನ್ನತಿ ರೇಖೆಗಳನ್ನು ನೋಡಿ, ಪೆನ್ಸಿಲಿನಲ್ಲಿ ಗುರುತಿಸಿ. ನಕ್ಷೆಯ 1 ಚದರ ಸೆಂ.ಮೀ. ಎಂದರೆ ನೆಲದ ಮೇಲೆ 25 ಹೆಕ್ಟೇರು. ಅದರ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೆ 1,75,000 ಘನಮೀಟರ್ ನೀರು. ಹತ್ತರಲ್ಲೊಂದು ಪಾಲು ಮಾತ್ರ ಹರಿದು ಬಂದರೂ 17,500 ಘನಮೀಟರ್. ಆ ನೀರು ಕೆರೆ ಸೇರುವ ದಾರಿ ಈಗ ತೆರೆದಿದೆಯೇ ಎಂಬುದನ್ನು ಮಾತ್ರ ನಕ್ಷೆ ಹೇಳುವುದಿಲ್ಲ. ಅದಕ್ಕೆ ಹಳ್ಳದ ಗುಂಟ ನಡೆದೇ ನೋಡಬೇಕು.