ನಾಡಿ ಹಿಡಿದ ಬೆರಳು, ತೋಳಿಗೆ ಬಿಗಿದ ಕಟ್ಟು

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಕುಂದಗೋಳವನ್ನು ದಾಟಿದ ಮೇಲೆ ಸಿಗುವ ಸಂಶಿಯೇ ಮೊದಲಾದ ಎರೆನೆಲದ ಊರುಗಳಲ್ಲಿ, ರೋಗಿಯ ಮನೆಗೆ ಬಂದ ಪಂಡಿತರು ಮೊದಲು ಕೇಳುತ್ತಿದ್ದುದು ರೋಗದ ವೃತ್ತಾಂತವನ್ನಲ್ಲ, ರೋಗಿಯ ಕೈಯನ್ನು. ಗಂಡಸಾದರೆ ಬಲಗೈ, ಹೆಂಗಸಾದರೆ ಎಡಗೈ. ಹೆಬ್ಬೆರಳ ಬುಡದಲ್ಲಿ ಮೂರು ಬೆರಳನ್ನೂರಿ, ನಾಡಿಯು ಹಾವಿನಂತೆ ಹರಿದರೆ ವಾತವೆಂದೂ, ಕಪ್ಪೆಯಂತೆ ಕುಪ್ಪಳಿಸಿದರೆ ಪಿತ್ತವೆಂದೂ, ಹಂಸದಂತೆ ಮಂದಗತಿಯಲ್ಲಿ ನಡೆದರೆ ಕಫವೆಂದೂ ನಿರ್ಣಯಿಸುವ ಈ ವಿದ್ಯೆಯು ಅನಾದಿಯೆಂದು ನಂಬುವವರುಂಟು. ಆದರೆ ಆಯುರ್ವೇದದ ಗ್ರಂಥಗಳಲ್ಲಿ ಅದು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು, ಚರಕ ಸುಶ್ರುತರಿಗಿಂತ ಎಷ್ಟೋ ಈಚಿನವನಾದ ಶಾರ್ಙ್ಗಧರನ ಸಂಹಿತೆಯಲ್ಲಿ.

ಸುಶ್ರುತನಿಗೆ ಪ್ರಿಯವಾದುದು ನಾಡಿಯಲ್ಲ, ಸಿರೆ. ದೇಹದಲ್ಲಿ 700 ಸಿರೆಗಳಿವೆ, ಅವುಗಳ ಮೂಲ ನಾಭಿ ಎಂದು ಗಣಿಸಿದ ಆತನು, ಕೆಟ್ಟ ರಕ್ತವನ್ನು ಹೊರಹಾಕುವ ಸಿರಾವ್ಯಧವನ್ನು ಶಸ್ತ್ರಚಿಕಿತ್ಸೆಯ ಅರ್ಧಭಾಗವೆಂದೇ ಎಣಿಸಿದನು. ಕೈಯ ಸಿರೆಯನ್ನು ಚುಚ್ಚಬೇಕಾದಾಗ ರೋಗಿಯ ಹೆಬ್ಬೆರಳನ್ನು ಒಳಗೆ ಮಡಿಸಿ ಮುಷ್ಟಿ ಕಟ್ಟಿಸಬೇಕು, ಮೇಲ್ಗಡೆ ಪಟ್ಟಿಯನ್ನು ಬಿಗಿಯಬೇಕು, ಸಿರೆ ಉಬ್ಬಿದ ಮೇಲೆ ಶಸ್ತ್ರವನ್ನು ತಾಗಿಸಬೇಕು. ಅಂಜುವ ಸುಕುಮಾರರಿಗಾದರೆ ಜಿಗಳೆಯೇ ಸಾಕು. ಇಂದು ದವಾಖಾನೆಯಲ್ಲಿ ನರ್ಸಮ್ಮನವರು ರಬ್ಬರಿನ ಪಟ್ಟಿ ಕಟ್ಟಿ "ಮುಷ್ಟಿ ಹಿಡೀರಿ" ಎನ್ನುವಾಗ ನಡೆಯುವುದೂ ಬಹುಮಟ್ಟಿಗೆ ಇದೇ.

ಆದರೆ ಉಬ್ಬುವುದು ಕಟ್ಟಿನ ಕೆಳಗಿನ ಸಿರೆಯೇ ಏಕೆ? ಹೃದಯವಿರುವುದು ಮೇಲ್ಗಡೆ; ರಕ್ತವು ಸಿರೆಗಳ ಮೂಲಕವೇ ಕೈಗೆ ಇಳಿದು ಬರುವುದಾದರೆ ಕಟ್ಟಿನ ಮೇಲ್ಭಾಗವಲ್ಲವೆ ಉಬ್ಬಬೇಕು? ಈ ಪ್ರಶ್ನೆಯನ್ನು ಹಿಡಿದು ಕುಳಿತವನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ. ಬಲವಾಗಿ ಬಿಗಿದರೆ ಕೈ ತಣ್ಣಗಾಗಿ ನಾಡಿಯೇ ಅಡಗುತ್ತದೆ. ತುಸು ಸಡಿಲಿಸಿದೊಡನೆ ನಾಡಿ ಮರಳುತ್ತದೆ, ಕೈ ಕೆಂಪೇರುತ್ತದೆ, ಸಿರೆಗಳು ಉಬ್ಬುತ್ತವೆ. ಆಳದಲ್ಲಿರುವ ಧಮನಿಯಲ್ಲಿ ರಕ್ತ ಬರುತ್ತಿದೆ, ಮೇಲಿರುವ ಸಿರೆಯಲ್ಲಿ ಹಿಂದಿರುಗಲಾರದೆ ನಿಂತಿದೆ ಎಂದು ಆತನು ತರ್ಕಿಸಿದನು. ಅರ್ಧ ಗಂಟೆಯಲ್ಲಿ ಹೃದಯವು ಹೊರದೂಡುವ ರಕ್ತವು ಇಡೀ ದೇಹದಲ್ಲಿರುವುದಕ್ಕಿಂತ ಹೆಚ್ಚೆಂದು ಲೆಕ್ಕ ಹಾಕಿ, ಅದೇ ರಕ್ತವು ಸುತ್ತಿ ಬರುತ್ತಿರಲೇಬೇಕೆಂದು 1628ರಲ್ಲಿ ಸಾರಿದನು. ವಾಸ್ತವದಲ್ಲಿ ವಿಶ್ರಾಂತಿಯಲ್ಲಿರುವ ಹೃದಯವು ನಿಮಿಷವೊಂದಕ್ಕೇ ಸುಮಾರು 5 ಲೀಟರನ್ನು, ಅಂದರೆ ಹೆಚ್ಚುಕಡಿಮೆ ಮೈಯಲ್ಲಿರುವಷ್ಟನ್ನೂ, ದೂಡುತ್ತದೆ. ಧಮನಿಯನ್ನು ಸಿರೆಗೆ ಕೂಡಿಸುವ ಸೂಕ್ಷ್ಮ ಲೋಮನಾಳಗಳನ್ನು ಆತನು ಕಾಣಲಿಲ್ಲ. ಕಪ್ಪೆಯ ಶ್ವಾಸಕೋಶದಲ್ಲಿ ಅವನ್ನು ಕಂಡ ಇಟಲಿಯ ವೈದ್ಯ ಮಾಲ್ಪೀಗಿ ಅದನ್ನು ಪ್ರಕಟಿಸಿದುದು 1661ರಲ್ಲಿ.

ಇದೆಲ್ಲ ನಮ್ಮವರಿಗೆ ಮೊದಲೇ ತಿಳಿದಿತ್ತೆಂಬ ಅಭಿಮಾನದ ಮಾತನ್ನು ನಾನು ಒಪ್ಪಲಾರೆ. ಆಹಾರದ ಸಾರವಾದ ರಸವು ಹೃದಯದಿಂದ ಹೊರಟು ದೇಹವನ್ನೆಲ್ಲ ತಣಿಸುತ್ತದೆಂದು ಸುಶ್ರುತನು ಹೇಳಿದ್ದು ನಿಜ. ಅದು ಹಿಂದಿರುಗುವ ದಾರಿಯನ್ನು ಆತನು ಹೇಳಲಿಲ್ಲ.

ಹಾರ್ವೆಯ ಆ ಹೊಸ ಶಾಸ್ತ್ರವು ನಮ್ಮ ಸೀಮೆಗೆ ಬಂದುದು ಮುಂಬಯಿ ಪ್ರಾಂತದ ಮೂಲಕ. 1845ರಲ್ಲಿ ಮುಂಬಯಿಯಲ್ಲಿ ಗ್ರಾಂಟ್ ವೈದ್ಯಕೀಯ ಕಾಲೇಜು ತೆರೆಯಿತು. ಮುಂದೆ ಮೀರಜಿನಲ್ಲಿ ವಾನ್ಲೆಸ್ ಸಾಹೇಬರ ಮಿಶನ್ ಆಸ್ಪತ್ರೆ ಹೆಸರಾಯಿತು. ಏಕೀಕರಣದ ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿಯೇ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ, ಹಾರ್ವೆಯ ಪಾಠವನ್ನು ಕಲಿಯಲು ಸಂಶಿಯ ಹುಡುಗನು ಘಟ್ಟವಿಳಿದು ಮುಂಬಯಿಗೆ ಹೋಗಬೇಕಾದ ಕಾರಣವುಳಿಯಲಿಲ್ಲ.