ಅಸ್ಥಿರಂಧ್ರತೆ, ಮಕ್ಕಳಲ್ಲಿ

ಅಸ್ಥಿರಂಧ್ರತೆ (ಆಸ್ಟಿಯೋಪೊರೋಸಿಸ್) ಮುಪ್ಪಿನ ಕಾಯಿಲೆಯೆಂದೇ ಹೆಸರಾಗಿದ್ದರೂ ಬೆಳೆಯುವ ಮಕ್ಕಳ ಮೂಳೆಯೂ ಟೊಳ್ಳಾಗಿ ಸಣ್ಣ ಪೆಟ್ಟಿಗೇ ಮುರಿಯುವುದುಂಟು. ಹುಟ್ಟಿನಿಂದ ಬರುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ದೀರ್ಘಕಾಲದ ಸ್ಟೀರಾಯ್ಡ್ ಸೇವನೆ, ರಕ್ತದ ಕ್ಯಾನ್ಸರ್, ನಡೆದಾಡಲು ಬಿಡದ ಸ್ನಾಯುರೋಗಗಳು ಮುಖ್ಯ ಕಾರಣಗಳು.

ರೋಗನಿರ್ಣಯ: ಮೂಳೆಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ಅಂಕಿಯೊಂದನ್ನೇ ನೋಡಿ ಮಗುವಿಗೆ ಈ ರೋಗವೆಂದು ಹೇಳಕೂಡದು. ಅಂತರರಾಷ್ಟ್ರೀಯ ಕ್ಲಿನಿಕಲ್ ಡೆನ್ಸಿಟೊಮೆಟ್ರಿ ಸಂಘದ 2013ರ ನಿಲುವಿನಂತೆ, ಜೋರಾದ ಪೆಟ್ಟಾಗಲಿ ಸ್ಥಳೀಯ ರೋಗವಾಗಲಿ ಇಲ್ಲದೆ ಬೆನ್ನಿನ ಒಂದು ಕಶೇರುಕ ಕುಸಿದಿದ್ದರೂ ಸಾಕು. ಕುಸಿತವಿಲ್ಲದಿದ್ದರೆ 10 ವರ್ಷದೊಳಗೆ ಎರಡು, ಇಲ್ಲವೇ 19ರೊಳಗೆ ಮೂರು ಬಾರಿ ಕೈಕಾಲಿನ ಉದ್ದ ಮೂಳೆ ಮುರಿದಿರಬೇಕು. ಅದರ ಜೊತೆಗೆ ವಯಸ್ಸು, ಲಿಂಗಕ್ಕೆ ಹೊಂದಿಸಿದ ಸಾಂದ್ರತೆಯ ಝೆಡ್ ಅಂಕವೂ -2 ಅಥವಾ ಅದಕ್ಕಿಂತ ಕೆಳಗಿರಬೇಕು. ಗಿಡ್ಡ ಮಗುವಿನ ಮೂಳೆಸಾಂದ್ರತೆ ಸ್ಕ್ಯಾನಿನಲ್ಲಿ ಇರುವುದಕ್ಕಿಂತ ಕಡಿಮೆ ಕಾಣುವುದರಿಂದ ಎತ್ತರಕ್ಕೆ ತಕ್ಕ ತಿದ್ದುಪಡಿ ಬೇಕು. ಕುಸಿದ ಕಶೇರುಕ ಎಷ್ಟೋ ವೇಳೆ ನೋಯುವುದೇ ಇಲ್ಲ. ಹಾಗಾಗಿ ಬೆನ್ನಿನ ಪಾರ್ಶ್ವದ ಎಕ್ಸ್-ರೇ ಸ್ಕ್ಯಾನಿನಷ್ಟೇ, ಬಹುಶಃ ಅದಕ್ಕಿಂತ ಹೆಚ್ಚು, ಮುಖ್ಯ.

ಕೊಡಗಿನ ಸಂದರ್ಭ: ಇಲ್ಲಿ ಬೆನ್ನಿನ ಎಕ್ಸ್-ರೇ ನೋಡುವಾಗ ಸಿಕಲ್ ಸೆಲ್ ರಕ್ತಹೀನತೆಯನ್ನು ನೆನೆಯಲೇಬೇಕು. ನೀಲಗಿರಿಯ ಬುಡಕಟ್ಟುಗಳಲ್ಲಿ ಅದಿರುವುದನ್ನು ಲೆಹ್ಮನ್ ಮತ್ತು ಕಟ್‌ಬುಷ್ 1952ರಲ್ಲಿ ವರದಿ ಮಾಡಿದರು; ಭಾರತದ ಮಟ್ಟಿಗೆ ಅದು ಮೊದಲ ವರದಿಗಳಲ್ಲೊಂದು. ಮುಂದೆ ವಯನಾಡು, ಮೈಸೂರು, ಕೊಡಗಿನ ಕಾಡಂಚಿನ ಸಮುದಾಯಗಳಲ್ಲೂ ಕಂಡುಬಂತು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಆದಿವಾಸಿ ಪ್ರದೇಶಗಳಲ್ಲಿ 40 ವರ್ಷದವರೆಗಿನವರ ತಪಾಸಣೆಯನ್ನು ಕೈಗೆತ್ತಿಕೊಂಡಿದೆ. ಈ ರೋಗದಲ್ಲಿ ಕಶೇರುಕದ ನಡುಭಾಗಕ್ಕೆ ರಕ್ತ ತಲುಪದೆ ಅಲ್ಲಿ ಮಾತ್ರ ಬೆಳವಣಿಗೆ ಕುಂಠಿತವಾಗಿ, ಮೂಳೆ ಎಚ್ ಅಕ್ಷರದ ಆಕಾರ ತಾಳುತ್ತದೆ. ಅಸ್ಥಿರಂಧ್ರತೆಯ ತಗ್ಗಾದರೋ ಸಾಮಾನ್ಯವಾಗಿ ಅಂಚಿನಿಂದ ಅಂಚಿಗೆ ನುಣುಪಾಗಿ ಬಾಗಿರುತ್ತದೆ. ಸಿಕಲ್ ಸೆಲ್‌ನಲ್ಲಿ ಮಜ್ಜೆ ಹಿಗ್ಗಿ ಮೂಳೆ ತೆಳುವಾಗುವುದರಿಂದ ಒಂದೇ ಮಗುವಿನಲ್ಲಿ ಎರಡೂ ಇರಬಹುದು. ತಿತಿಮತಿಯ ಸುತ್ತಿನ ಹಾಡಿಗಳಿಂದ ಬೆನ್ನುನೋವೆಂದು ಬರುವ ಮಗುವಿಗೆ ಡೆಕ್ಸಾಗೆ ಮೊದಲು ಸಿಕಲ್ ಸೆಲ್ ರಕ್ತಪರೀಕ್ಷೆ ಆಗಬೇಕು.

ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್‌ನಲ್ಲೂ ಮೂಳೆಸಾಂದ್ರತೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿಯುವ ಈ ಜಿಲ್ಲೆಯಲ್ಲಿ ವಿಟಮಿನ್ ಡಿ, ಆಲ್ಕಲೈನ್ ಫಾಸ್ಫಟೇಸ್ ಮತ್ತು ಮಣಿಕಟ್ಟಿನ ಎಕ್ಸ್-ರೇ ನೋಡದೆ ಮುಂದುವರಿಯುವುದು ಸರಿಯಲ್ಲ.

ಚಿಕಿತ್ಸೆ: ಮೂಲರೋಗದ ಆರೈಕೆ, ಸಾಧ್ಯವಾದಷ್ಟು ಕಡಿಮೆ ಸ್ಟೀರಾಯ್ಡ್, ಓಡಾಟ, ಕ್ಯಾಲ್ಸಿಯಂ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ 10ರ ಆಸುಪಾಸು. ಮೂಳೆಯ ಸವೆತ ತಡೆಯುವ ಬಿಸ್ಫಾಸ್ಫೊನೇಟ್ ಔಷಧಿಗಳ ಬಳಕೆ ಮಕ್ಕಳಲ್ಲಿ ಮಾಂಟ್ರಿಯಲ್‌ನಲ್ಲಿ ಗ್ಲೋರಿಯೂ ತಂಡ 1998ರಲ್ಲಿ ಪ್ರಕಟಿಸಿದ ಪಮಿಡ್ರೊನೇಟ್ ಅಧ್ಯಯನದಿಂದ ವ್ಯಾಪಕವಾಯಿತು. ಈಗ ಆರು ತಿಂಗಳಿಗೊಮ್ಮೆ ರಕ್ತನಾಳಕ್ಕೆ ಕೊಡುವ ಝೊಲೆಡ್ರೊನೇಟ್ ಹೆಚ್ಚು ಬಳಕೆಯಲ್ಲಿದೆ. ಮೊದಲ ಡೋಸಿಗೆ ಜ್ವರ ಬರುವುದು ಸಾಮಾನ್ಯ. ವಿಟಮಿನ್ ಡಿ ಕೊರತೆ ತುಂಬದೆ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಅಪಾಯಕರವಾಗಿ ಕುಸಿಯಬಹುದು. ಬೆಳವಣಿಗೆ ಉಳಿದಿರುವ ಮಗುವಿನಲ್ಲಿ ಕುಸಿದ ಕಶೇರುಕ ಮತ್ತೆ ಆಕಾರ ಪಡೆಯಬಲ್ಲದು. ಹದಿಹರೆಯ ಮುಗಿದ ಮೇಲೆ ಆ ಅವಕಾಶ ಇರುವುದಿಲ್ಲ. 2021ರ ರಾಷ್ಟ್ರೀಯ ವಿರಳ ರೋಗ ನೀತಿಯ ಎರಡನೇ ಗುಂಪಿನಲ್ಲಿ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಸೇರಿದೆ. ಆ ನೀತಿಯಡಿ ಕರ್ನಾಟಕದ ಉತ್ಕೃಷ್ಟತಾ ಕೇಂದ್ರ ಇರುವುದು ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರದಲ್ಲಿ.